ಮಗುವಿನ ತಟ್ಟೆ, ಪಕ್ಕದವರ ಲೋಟ
(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ಮನೆಯಲ್ಲಿ ಎಳೆಯ ಮಕ್ಕಳಿಗೆ ಶರಣ ಸಂಸ್ಕಾರ’. ಈ ವಿಷಯದ ಮೇಲೆ ಉಪನ್ಯಾಸ ಎಂದರೆ ಏನು ಬರುತ್ತದೆ ಎಂಬುದು ನಿಮಗೂ ಗೊತ್ತು. ಬೆಳಿಗ್ಗೆ ಬೇಗ ಏಳಿಸಿ, ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಇಷ್ಟಲಿಂಗ ಪೂಜೆಗೆ ಕೂರಿಸಿ, ದಿನಕ್ಕೊಂದು ವಚನ ಬಾಯಿಪಾಠ ಮಾಡಿಸಿ. ಇದನ್ನೆಲ್ಲ ಮಾಡಿಸಬೇಕು, ಬೇಡ ಎನ್ನುವವಳಲ್ಲ ನಾನು. ವಚನ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು ಬಹುಮಾನ ತೆಗೆದುಕೊಳ್ಳುವುದನ್ನು ನೋಡಿ ಸಂತೋಷಪಟ್ಟವಳು. ಆದರೆ ಪೂಜೆಗೆ ಮಗು ಕೂರುವುದು ಹತ್ತು ನಿಮಿಷ. ಐದು ವರ್ಷದ ಕೂಸು ದಿನಕ್ಕೆ ನಾಲ್ಕು ಸಲವಾದರೂ ತಿನ್ನುತ್ತದೆ. ಅದರ ಹೊಟ್ಟೆ ಚಿಕ್ಕದು, ದೊಡ್ಡವರ ಹಾಗೆ ಎರಡು ಹೊತ್ತಿಗೆ ಸಾಲುವುದಿಲ್ಲ. ವರ್ಷಕ್ಕೆ ಲೆಕ್ಕ ಹಾಕಿದರೆ 1,460 ಸಲ. ಅಷ್ಟೂ ಸಲ ಅದು ಬರೀ ರೊಟ್ಟಿ, ಅನ್ನ ನೋಡುವುದಿಲ್ಲ. ಯಾರು ಮೊದಲು ಕೂತರು, ಯಾರು ನಿಂತು ಬಡಿಸಿದರು, ಯಾರ ಲೋಟ ಎಲ್ಲಿದೆ ಎಂಬುದನ್ನೂ ನೋಡುತ್ತದೆ. ನಾನು ಇವತ್ತು ಊಟದ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಎರಡು ವರ್ಷದ ಕೂಸನ್ನು ಗಮನಿಸಿ. ತಾನು ಅರ್ಧ ಚೀಪಿದ ಬಾಳೆಹಣ್ಣನ್ನು ಅವ್ವನ ಬಾಯಿಗೆ ಇಡುತ್ತದೆ. ಅಪ್ಪನಿಗೆ ಕೊಡುತ್ತದೆ. ಮನೆ ಗುಡಿಸಲು ಬಂದವಳ ಬಾಯಿಗೂ ಹಿಡಿಯುತ್ತದೆ. ಅಂಗಳದ ನಾಯಿಮರಿಗೂ ಕೊಡಲು ಹೋಗುತ್ತದೆ, ಅದು ಬೇರೆ ಮಾತು. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದರು ಎಂದು ನಾವು ಪ್ರತಿ ಗೋಷ್ಠಿಯಲ್ಲಿ ಹೇಳುತ್ತೇವೆ. ಆ ಕೂಸಿಗೆ ಐದೂ ಇಲ್ಲ. ಅದು ಹುಟ್ಟುತ್ತಲೇ ಶರಣರು ನಿಂತ ಜಾಗದಲ್ಲಿ ನಿಂತಿರುತ್ತದೆ. ಅಲ್ಲಿಂದ ಅದನ್ನು ಕೆಳಗಿಳಿಸಿಕೊಂಡು ಬರುವವರು ನಾವು.

‘ಹಂಗಾದ್ರ ಸ್ವಚ್ಛತಾ ಬ್ಯಾಡೇನ್ರಿ ಅಕ್ಕಾರ?’ ಎಂದು ಹೋದ ತಿಂಗಳು ಒಬ್ಬ ತಾಯಿ ಕೇಳಿದರು. ಬೇಕೇ ಬೇಕು. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಸಿ. ಯಾರಿಗಾದರೂ ಕೆಮ್ಮು, ಜ್ವರ ಇದ್ದರೆ ಅವರ ಲೋಟ ಬೇರೆ ಇರಲಿ, ಅದು ಸ್ವಂತ ಅಜ್ಜನದ್ದಾದರೂ ಸರಿ. ಸ್ವಚ್ಛತೆಯ ನಿಯಮ ಎಲ್ಲರಿಗೂ ಒಂದೇ ಇರುತ್ತದೆ. ಬೀಗರು ಕುಡಿದ ಲೋಟ ತೊಳೆದರೆ ಶುದ್ಧವಾಗುತ್ತದೆ, ಕೆಲಸದವಳು ಕುಡಿದ ಲೋಟ ಎಷ್ಟು ತೊಳೆದರೂ ಆಗುವುದಿಲ್ಲ ಎಂದರೆ ಅಲ್ಲಿರುವುದು ಕ್ರಿಮಿಯ ಹೆದರಿಕೆಯಲ್ಲ. ಅದಕ್ಕೆ ಶರಣರು ಇಟ್ಟ ಹೆಸರು ಸೂತಕ.

ಶಾಲೆಯಲ್ಲಿದ್ದಾಗ ದಾಖಲಾತಿಗಾಗಿ ಮನೆ ಮನೆಗೆ ಹೋಗುವುದಿತ್ತು. ಒಂದು ಮನೆಯಲ್ಲಿ, ನಮ್ಮವರದೇ ಮನೆ, ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಭಾವಚಿತ್ರ. ಹಿತ್ತಲಲ್ಲಿ ಒಬ್ಬ ಹೆಣ್ಣುಮಗಳು ಶೇಂಗಾ ಬಿಡಿಸುತ್ತಿದ್ದಳು. ಮನೆಯ ಒಡತಿ ಚಹಾ ಸೋಸಿದರು. ನಾಲ್ಕೂವರೆ ವರ್ಷದ ಹುಡುಗಿ, ಯಾರೂ ಹೇಳದೆಯೇ, ಓಡಿ ಹೋಗಿ ಬಚ್ಚಲಿನ ಗೂಡಿನಿಂದ ಒಂದು ಕಪ್ಪು ತಂದು ಅವ್ವನ ಮುಂದೆ ಹಿಡಿದಳು. ಅದು ಆ ಹೆಣ್ಣುಮಗಳ ಕಪ್ಪು. ‘ನಮ್ಮ ಹುಡುಗಿ ಭಾಳ ಶ್ಯಾಣ್ಯಾಳ್ರಿ ಟೀಚರ್, ಎಲ್ಲಾ ಗೊತ್ತಾಗತೈತಿ’ ಎಂದರು ತಾಯಿ, ಹೆಮ್ಮೆಯಿಂದ. ಹುಡುಗಿ ಜಾಣೆಯೇ. ಆ ಮನೆಯಲ್ಲಿ ಯಾರೂ ಅವಳನ್ನು ಕೂರಿಸಿ ಜಾತಿಯ ಪಾಠ ಹೇಳಿರಲಿಲ್ಲ. ಗೂಡಿನಲ್ಲಿದ್ದ ಕಪ್ಪೇ ಹೇಳಿತ್ತು.

ಪೇಟೆಯ ಮನೆಗಳಲ್ಲಿ ಈಗ ಬಚ್ಚಲಿನ ಗೂಡು ಇಲ್ಲ, ಅದರ ಬದಲು ಬಳಸಿ ಎಸೆಯುವ ಕಾಗದದ ಕಪ್ಪು ಬಂದಿದೆ. ನಮಗೆಲ್ಲ ಸ್ಟೀಲ್ ಲೋಟ, ಕೆಲಸದಾಕೆಗೆ ಕಾಗದದ್ದು. ‘ತೊಳಿಯೋ ತ್ರಾಸು ತಪ್ಪತೈತಿ’ ಎನ್ನುತ್ತಾರೆ. ತೊಳೆಯುವವಳು ಅವಳೇ ಅಲ್ಲವೇ?

ಬಸವಣ್ಣನವರು ತಮ್ಮ ವಚನಗಳಲ್ಲಿ ಮಾದಾರ ಚೆನ್ನಯ್ಯನವರನ್ನು ತಂದೆಯ ಸ್ಥಾನದಲ್ಲಿಟ್ಟರು, ಕಿನ್ನರಿ ಬೊಮ್ಮಯ್ಯನವರನ್ನು ಅಣ್ಣನ ಸ್ಥಾನದಲ್ಲಿಟ್ಟರು. ಶಿವನಾಗಿಮಯ್ಯನವರ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದರು, ಅದಕ್ಕಾಗಿ ಬಿಜ್ಜಳನ ತನಕ ದೂರು ಹೋಯಿತು ಎಂದು ನಮ್ಮ ಪರಂಪರೆ ಹೇಳುತ್ತದೆ. ಇದನ್ನು ನಾವು ಬಸವ ಜಯಂತಿಯಲ್ಲಿ ನಾಟಕ ಮಾಡಿಸುತ್ತೇವೆ. ಸಣ್ಣ ಹುಡುಗನಿಗೆ ಬಸವಣ್ಣನ ವೇಷ, ಇನ್ನೊಬ್ಬನಿಗೆ ನಾಗಿಮಯ್ಯನ ವೇಷ. ಆ ಹುಡುಗ ಮನೆಗೆ ಬಂದು ವೇಷ ಕಳಚಿ, ಹಿತ್ತಲಲ್ಲಿ ಕೂತವಳಿಗೆ ಮೇಲಿನಿಂದ ನೀರು ಹೊಯ್ಯುವುದನ್ನು ನೋಡುತ್ತಾನೆ. ಅವನು ಯಾವುದನ್ನು ನಂಬಬೇಕು?

ಇನ್ನು ಶಾಲೆಯ ಊಟದ ಮಾತು. ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಅದು ಆರಂಭವಾಯಿತು. ಸರ್ಕಾರ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಕಲ್ಯಾಣದ ಮಹಾಮನೆಯ ಮಾತು ಸರ್ಕಾರಿ ಕಡತಕ್ಕೆ ಬಂತಲ್ಲ ಎಂದು ನಾನು ಆಗ ಹಿಗ್ಗಿದ್ದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲೂ ಬಂತು. ಬರಿಹೊಟ್ಟೆಯಲ್ಲಿ ಬಂದು ಹತ್ತೂವರೆಗೆಲ್ಲ ಡೆಸ್ಕಿನ ಮೇಲೆ ತಲೆ ಇಡುತ್ತಿದ್ದ ಮಕ್ಕಳು ಎದ್ದು ಕೂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅಡುಗೆಯಾಕೆ ದಲಿತಳೆಂದು ಮಕ್ಕಳನ್ನು ಊಟಕ್ಕೆ ಬಿಡದ, ಶಾಲೆಯನ್ನೇ ಬಿಡಿಸಿದ ಊರುಗಳ ಸುದ್ದಿಯನ್ನೂ ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಹಾಗೆ ಬಿಡಿಸಿದವರಲ್ಲಿ ಕೊರಳಲ್ಲಿ ಲಿಂಗವಿರುವವರು ಒಬ್ಬರೂ ಇರಲಿಕ್ಕಿಲ್ಲ ಎಂದು ಎದೆ ತಟ್ಟಿ ಹೇಳಲು ನಮಗೆ ಧೈರ್ಯವಿದೆಯೇ?

2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ನಮ್ಮ ಕೆಲವು ಪೂಜ್ಯರು ವಿರೋಧಿಸಿದರು. ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಇತ್ತು, ಈಗಲೂ ಇದೆ. ಆ ವಾದವನ್ನು ನಾನು ಇಲ್ಲಿ ಮತ್ತೆ ತೆರೆಯುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಸಾಲಿನಲ್ಲಿ ನಮ್ಮ ಮಗು ಬಾಳೆಹಣ್ಣು ಹಿಡಿದು ಕೂತಿದೆ, ಪಕ್ಕದ ಮಗು ಮೊಟ್ಟೆ ಸುಲಿಯುತ್ತಿದೆ. ನಮ್ಮ ಮಗು ಮೂಗು ಮುಚ್ಚಿಕೊಂಡು ‘ಛೀ’ ಎಂದು ಸರಿದು ಕೂರುತ್ತದೆಯೋ, ಅಥವಾ ತನ್ನ ಪಾಡಿಗೆ ತಾನು ತಿಂದು, ಆಮೇಲೆ ಅದೇ ಮಗುವಿನ ಜೊತೆ ಕೈ ಹಿಡಿದು ಆಟಕ್ಕೆ ಓಡುತ್ತದೆಯೋ? ಸಸ್ಯಾಹಾರ ನಮ್ಮ ಮನೆಯ ಶೀಲ. ‘ನಾವು ತಿನ್ನೋದಿಲ್ಲ, ಅವರು ತಿಂತಾರ’ ಎಂದು ಹೇಳಿದರೆ ಆರು ವರ್ಷದ ಮಗುವಿಗೆ ಪೂರಾ ತಿಳಿಯುತ್ತದೆ. ಅದಕ್ಕೆ ‘ಅವರು ಹೊಲಸು’ ಎಂಬ ಎರಡು ಪದ ಸೇರಿಸಿದಿರೋ, ಶೀಲವಾಗಿದ್ದದ್ದು ಜಾತಿಯಾಗುತ್ತದೆ. ಆ ‘ಛೀ’ ಕೇಳಿಸಿಕೊಂಡ ಮಗುವಿನ ಮುಖವನ್ನು ನಾನು ನೋಡಿದ್ದೇನೆ. ಅದು ಮರುದಿನದಿಂದ ಹಸಿವಿದ್ದರೂ ಮೊಟ್ಟೆ ಬೇಡವೆಂದಿತು.

ಗಂಡುಮಕ್ಕಳು ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಹೆಣ್ಣುಕೂಸಿಗೂ ಗಂಡುಕೂಸಿಗೂ ಒಂದೇ ಲಿಂಗ, ಅದೇ ವಿಭೂತಿ. ಅಷ್ಟು ಸಮಾನತೆ ಬೇರೆಲ್ಲೂ ಇಲ್ಲವೆಂದು ಹೇಳಿಕೊಳ್ಳುತ್ತೇವೆ. ಅದಾದ ಮೇಲೆ ಬಿಸಿ ರೊಟ್ಟಿ ಯಾರಿಗೆ? ಏಳು ವರ್ಷದ ಹುಡುಗ ಅಪ್ಪನ ಪಕ್ಕ ಕೂತು ‘ಬೆಣ್ಣಿ ಹಾಕು’ ಎನ್ನುತ್ತಾನೆ, ಐದು ವರ್ಷದ ಅವನ ತಂಗಿ ನೀರಿನ ತಂಬಿಗೆ ಹೊತ್ತು ತರುತ್ತಾಳೆ. ಅವ್ವ ಎಲ್ಲರದೂ ಆದಮೇಲೆ ಒಲೆಯ ಮುಂದೆ ತಣ್ಣಗಾದ ರೊಟ್ಟಿ, ತಳದ ಪಲ್ಯ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆ ಹೊಸದಲ್ಲ. ಗಂಡ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದ ತಾಯಿ. ನಾವು ಅದನ್ನು ಆಸೆ ಬೇಡ ಎಂಬುದಕ್ಕೆ ಉದಾಹರಣೆ ಮಾಡುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಆ ಮನೆಯಲ್ಲಿ ಅಡುಗೆಗೆ ಎಷ್ಟು ಬೇಕು, ಎಷ್ಟು ಬೇಡ ಎಂದು ಹೇಳುವ ಅಧಿಕಾರ ಲಕ್ಕಮ್ಮನವರದು, ಕೇಳುವ ಗಂಡ ಮಾರಯ್ಯನವರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹಾಗಿದೆ ಎಂದು ಹಿಂದಿನ ಸಾಲಿನವರು ಸ್ವಲ್ಪ ಯೋಚಿಸಿ.

ಎಳೆಯ ಮಕ್ಕಳಿಗೆ ಕಾಯಕ ಕಲಿಸುವುದು ಹೇಗೆ ಎಂದು ಕೇಳುತ್ತಾರೆ. ಅದಕ್ಕೆ ಶಿಬಿರ ಬೇಡ. ಮೂರು ವರ್ಷದ ಕೂಸು ಬಟಾಣಿ ಸುಲಿಯುತ್ತದೆ, ಅರ್ಧ ಬಾಯಿಗೆ ಹೋಗಲಿ. ನಾಲ್ಕು ವರ್ಷದ್ದು ಹೆಸರುಕಾಳಿನಲ್ಲಿ ಕಲ್ಲು ಹುಡುಕುತ್ತದೆ. ನಮಗಿಂತ ಚೆನ್ನಾಗಿ ಹುಡುಕುತ್ತದೆ, ಕಣ್ಣು ಚುರುಕು. ಹೆಸರುಕಾಳನ್ನು ರಾತ್ರಿ ನೆನೆ ಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂತೇ ಎಂದು ದಿನಕ್ಕೆ ಹತ್ತು ಸಲ ಬಿಚ್ಚಿ ನೋಡಲು ಬಿಡಿ. ತಾನೇ ಕಾದು ಬರಿಸಿದ ಮೊಳಕೆಯನ್ನು ಬೇಡ ಎನ್ನುವ ಮಗುವನ್ನು ನಾನು ಕಂಡಿಲ್ಲ. ರೊಟ್ಟಿ ಮಾಡುವಾಗ ಜೋಳದ ಹಿಟ್ಟಿನ ಒಂದು ಸಣ್ಣ ಉಂಡೆ ಕೊಡಿ. ಮೊದಲು ಅದು ಒಡೆದು ಚೂರಾಗುತ್ತದೆ, ಕಲಸುವ ನೀರು ಬಿಸಿ ಇಲ್ಲದಿದ್ದರೆ ಜೋಳದ ಹಿಟ್ಟು ಜಿಗಿಯುವುದಿಲ್ಲ ಎಂಬುದನ್ನು ಕೈಯೇ ಕಲಿಯುತ್ತದೆ. ಅಂಗೈಯಗಲದ ಆ ಸೊಟ್ಟ ರೊಟ್ಟಿಯನ್ನು ಹಂಚಿನ ಮೇಲೆ ನೀವೇ ಹಾಕಿ ಬೇಯಿಸಿ, ಅಪ್ಪನ ತಟ್ಟೆಗೆ ಮೊದಲು ಬಡಿಸಲಿ. ಈ ಉಂಡೆಯನ್ನು ಹುಡುಗಿಗೆ ಮಾತ್ರ ಕೊಡಬೇಡಿ. ಹುಡುಗನಿಗೂ ಕೊಡಿ. ತಿಂದ ತಟ್ಟೆಯನ್ನು ಐದು ವರ್ಷ ದಾಟಿದ ಗಂಡುಮಗ ತಾನೇ ತೊಳೆದಿಡಲಿ. ಸರಿಯಾಗಿ ತೊಳೆಯದಿದ್ದರೆ ಅವನಿಗೆ ಕಾಣದಂತೆ ಇನ್ನೊಮ್ಮೆ ತೊಳೆದುಕೊಳ್ಳಿ. ಅಜ್ಜಿ ‘ಗಂಡು ಹುಡುಗನ ಕೈಲಿ ಮುಸುರಿ ತಿಕ್ಕಸ್ತೀಯೇನ?’ ಎಂದು ಬೈಯುತ್ತಾಳೆ, ಬೈಯಲಿ.

ಇನ್ನು ಕೂಸಿಗೆ ತುತ್ತು ತುರುಕುವುದು. ಮೊಬೈಲು ತೋರಿಸಿ ತಿನ್ನಿಸುವ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಅದಕ್ಕಿಂತ ಹಳೆಯದು ಹೆದರಿಸುವುದು. ‘ಉಣ್ಣಲಿಲ್ಲಂದ್ರ ಗುಮ್ಮ ಬರ್ತಾನ.’ ಗುಮ್ಮನಾದರೂ ಹೋಗಲಿ, ‘ದೇವರು ಕಣ್ಣು ತಗೀತಾನ’ ಎನ್ನುತ್ತಾರೆ, ಮಗುವಿನ ಎದೆಯ ಮೇಲೆಯೇ ಇಷ್ಟಲಿಂಗ ಇರುವಾಗ! ಹರಿಹರ ಕವಿ ರಗಳೆ ಬರೆದ ಕೋಳೂರು ಕೊಡಗೂಸನ್ನು ನೆನೆಯಿರಿ. ಶಿವನಿಗೆ ಹಾಲು ಒಯ್ದ ಪುಟ್ಟ ಹುಡುಗಿ, ಅವನು ಕುಡಿಯಲಿಲ್ಲವೆಂದು ಅತ್ತು ಹಟ ಹಿಡಿದಳು. ಅವಳಿಗೆ ದೇವರ ಭಯ ಇರಲಿಲ್ಲ, ಅವನು ಉಪವಾಸ ಇರುತ್ತಾನಲ್ಲ ಎಂಬ ಸಂಕಟವಿತ್ತು. ಮಗು ಉಣ್ಣದಿದ್ದರೆ ತಟ್ಟೆ ಎತ್ತಿಡಿ, ಒಂದು ತಾಸು ಬಿಟ್ಟು ಮತ್ತೆ ಕೊಡಿ. ಮೊದಲೇ ರಾಶಿ ಬಡಿಸಬೇಡಿ. ಎರಡು ತುತ್ತು ಬಡಿಸಿ, ‘ಇನ್ನಷ್ಟು’ ಎಂದು ಅದೇ ಕೇಳಲಿ. ಹೀಗೆ ಮಾಡಿದ ಮನೆಗಳಲ್ಲಿ ಬಾನಿಗೆ ಹೋಗುವ ಅನ್ನ ಎಷ್ಟು ಕಡಿಮೆಯಾಗುತ್ತದೆ ಎಂದು ದನಗಳನ್ನು ಕೇಳಬೇಕು.

‘ಇದೆಲ್ಲಾ ಖರೆ, ಆದ್ರ ಅತ್ತಿಯವರು ಒಪ್ಪೂದಿಲ್ಲ’ ಎನ್ನುವ ಸೊಸೆಯಂದಿರು ಇಲ್ಲಿದ್ದಾರೆ. ನಿಮ್ಮ ಕಷ್ಟ ನನಗೆ ತಿಳಿಯುತ್ತದೆ. ಹಿತ್ತಲಿನ ಕಪ್ಪನ್ನು ಒಳಗೆ ತರುವ ಕೆಲಸವನ್ನು ಸೊಸೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದನ್ನು ಮಗ ಮಾಡಬೇಕು. ತಾಯಿಯ ಎದುರಿಗೆ ಒಂದು ದಿನ ಆ ಕಪ್ಪಿನಲ್ಲಿ ತಾನು ಚಹಾ ಕುಡಿಯಲಿ, ತನ್ನ ಲೋಟವನ್ನು ಕೆಲಸದಾಕೆಗೆ ಕೊಡಲಿ. ವಾದ ಮಾಡುವುದು ಬೇಡ. ಮಗನ ಮೇಲೆ ತಾಯಿ ಎಷ್ಟು ದಿನ ಸಿಟ್ಟಾಗಿರುತ್ತಾಳೆ? ಇದನ್ನು ಮೂಲೆಯಲ್ಲಿ ನಿಂತ ಮಗು ನೋಡುತ್ತಿರುತ್ತದೆ, ಅದೇ ನಮಗೆ ಬೇಕಾದದ್ದು.

ಪೂಜ್ಯರ ಸಮ್ಮುಖದಲ್ಲೇ ಇನ್ನೊಂದು ಮಾತು, ಅಪ್ಪಣೆ ಇದೆ ಎಂದುಕೊಂಡಿದ್ದೇನೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಎಲ್ಲ ಜಾತಿಯ ಸಾವಿರಾರು ಮಕ್ಕಳನ್ನು ಒಟ್ಟಿಗೆ ಕೂರಿಸಿ ಉಣಿಸಿ ಓದಿಸಿದರು. ಹಾಗಿದ್ದೂ ನಮ್ಮ ಕೆಲವು ಮಠಗಳ ಜಾತ್ರೆಯಲ್ಲಿ ಗಣ್ಯರಿಗೆ ಮೇಜು ಕುರ್ಚಿಯ ಕೋಣೆ, ಊರಿನ ಒಂದು ಕೇರಿಯವರಿಗೆ ಕೊನೆಯ ಪಂಕ್ತಿ ಉಳಿದುಕೊಂಡಿದೆ. ಮಕ್ಕಳು ಅಲ್ಲಿಗೂ ನಮ್ಮ ಬೆರಳು ಹಿಡಿದು ಬರುತ್ತವೆ. ಮನೆಯಲ್ಲಿ ತಾಯಂದಿರು ತಿದ್ದಿದ್ದನ್ನು ಮಠದ ಪಂಕ್ತಿ ಅಳಿಸಬಾರದು. ನಮ್ಮ ಶ್ರೀಮಠದಲ್ಲಿ ಈ ಎರಡು ವರ್ಷದಿಂದ ಒಂದೇ ಪಂಕ್ತಿ ನಡೆದಿದೆ, ಆದ್ದರಿಂದಲೇ ಇಲ್ಲಿ ಧೈರ್ಯವಾಗಿ ಹೇಳಿದೆ.

ಮಕ್ಕಳು ಆಗಲೇ ಎದ್ದು ಓಡಾಡುತ್ತಿದ್ದಾರೆ, ಅಡುಗೆ ಮನೆಯಿಂದ ಹುಗ್ಗಿಯ ವಾಸನೆಯೂ ಬಂತು. ಬಡಿಸಲು ಅಕ್ಕನ ಬಳಗದವರು ಎಂಟು ಮಕ್ಕಳನ್ನು ಕೇಳಿದ್ದಾರೆ, ನಾಲ್ಕು ಗಂಡು, ನಾಲ್ಕು ಹೆಣ್ಣು. ಮಠದ ಅಂಗಳ ಗುಡಿಸುವವರ ಇಬ್ಬರು ಮಕ್ಕಳು ಈಗಾಗಲೇ ಕೈ ತೊಳೆದು ನಿಂತಿದ್ದಾರೆ. ಇನ್ನು ಆರು ಜನ ಬೇಕು. ಕಳಿಸಿಕೊಡಿ.