ಆಮದು ಸುಂಕವೂ ಹವ್ಯಾಸಿಯೂ

ಬಿಡುವಿನ ವೇಳೆಯಲ್ಲಿ ಪುಟ್ಟ ರೈಲು, ಹಡಗು, ವಿಮಾನಗಳ ಮಾದರಿಗಳನ್ನು ಜೋಡಿಸುವ ಹವ್ಯಾಸಿಗಳು ನಾವು. ಇದು ಮಕ್ಕಳಾಟವೆಂದು ನಗುವವರುಂಟು. ಭಾರತದ ಆಮದು ಸುಂಕದ ಪಟ್ಟಿಯೂ ಹಾಗೆಯೇ ಎಣಿಸಿದೆ. ಆಟಿಕೆಗೂ ಮಾದರಿಗೂ ಅಲ್ಲಿ ಒಂದೇ ಶೀರ್ಷಿಕೆ.

ಆ ಶೀರ್ಷಿಕೆಯ ಮೂಲ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. 1,000 ರೂಪಾಯಿಯ ಸಾಮಾನಿಗೆ 200 ರೂಪಾಯಿ ತೆರುತ್ತಿದ್ದವರು 700 ತೆರಬೇಕಾಯಿತು. ಸರಕು ಮತ್ತು ಸೇವಾ ತೆರಿಗೆಯನ್ನು ಸುಂಕ ಸೇರಿದ ಮೊತ್ತದ ಮೇಲೆಯೇ ಲೆಕ್ಕ ಹಾಕುವರು. ಹೀಗೆ ಸುಂಕಕ್ಕೂ ತೆರಿಗೆ ಬೀಳುತ್ತದೆ.

ಹಾಗೆಂದು ಸುಂಕವೇ ಬೇಡವೆನ್ನಲಾರೆವು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣವೇರಿಸುವ ನಮ್ಮ ಚನ್ನಪಟ್ಟಣದ ಕುಶಲಿಗರು ಅಗ್ಗದ ಪ್ಲಾಸ್ಟಿಕ್ ಗೊಂಬೆಗಳೆದುರು ನಿಲ್ಲಬೇಕಾದರೆ ಆಸರೆ ಬೇಕು. ಆದರೆ ಪುಟ್ಟ ರೈಲಿನ ಗಾಲಿಗೆ ಅಚ್ಚು ಮಾಡಿಸಿದ ವೆಚ್ಚ ಗಿಟ್ಟಬೇಕಾದರೆ ಸಾವಿರಾರು ಗಿರಾಕಿಗಳಿರಬೇಕು. ನಾವೋ ಊರಿಗೆ ಬೆರಳೆಣಿಕೆಯವರು. ಬೇಲಿಯು ಬೆಳೆದ ಪೈರನ್ನು ಕಾಯಬಲ್ಲುದು. ಬಿತ್ತದ ಹೊಲದಲ್ಲಿ ಬೆಳೆ ತೆಗೆಯಲಾರದು.

ಆದಕಾರಣ, ಇಲ್ಲಿ ತಯಾರಾಗದ ಬಿಡಿಭಾಗಗಳ ಸುಂಕವನ್ನಾದರೂ ಇಳಿಸಿರೆಂದು ಸರ್ಕಾರವನ್ನು ಕೇಳಿಕೊಳ್ಳೋಣ. ಜೊತೆಗೆ ನಮ್ಮ ಪಾಲಿನ ಕೆಲಸವನ್ನೂ ಮಾಡೋಣ. ಒಬ್ಬೊಬ್ಬರೇ ಹೊರದೇಶದಿಂದ ತರಿಸುವ ಬದಲು, ನಾಲ್ಕಾರು ಊರುಗಳ ಹವ್ಯಾಸಿಗಳು ಬೇಡಿಕೆಯನ್ನು ಒಟ್ಟುಗೂಡಿಸಿ, ಇಲ್ಲಿಯ ಲೇತ್ ಕೆಲಸಗಾರನಿಗೆ ಮುಂಗಡ ಕೊಟ್ಟು ಮಾಡಿಸಿಕೊಳ್ಳೋಣ. ಮೊದಲ ಗಾಲಿ ಕೊಂಚ ಸೊಟ್ಟಗಿದ್ದರೂ ತಾಳಿಕೊಳ್ಳೋಣ.

ಇಂದು ಪುಟ್ಟ ಗಾಲಿಯನ್ನು ತಿರುಗಿಸಿ ನೋಡುವ ಹುಡುಗನೇ ನಾಳೆ ಯಂತ್ರ ಕಟ್ಟಬೇಕಾದವನು. ಅವನ ಕೈಗೆ ಸಾಮಾನು ಎಟುಕದಂತಾಗಬಾರದೆಂಬುದೇ ನಮ್ಮ ಅರಿಕೆ.