ಎಣ್ಣೆ ತಿನ್ನೋ ಬ್ಯಾಕ್ಟೀರಿಯಾಕ್ಕೆ ಗೊಬ್ಬರ ಯಾಕೆ?

ಇವತ್ತು ಎಣ್ಣೆ ತಿನ್ನೋ ಸೂಕ್ಷ್ಮಜೀವಿಗಳ ವಿಷಯ. ನಾನು ಕಾಮರ್ಸ್ ಓದಿದವನು, ಹಾಗಾಗಿ ಕೋರ್ಟ್ ಕೇಸಿಂದಲೇ ಶುರು ಮಾಡ್ತೀನಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಭಾರತ ಮೂಲದ ವಿಜ್ಞಾನಿ ಆನಂದ ಮೋಹನ್ ಚಕ್ರಬರ್ತಿ, ಮಣ್ಣಲ್ಲಿ ಮಾಮೂಲಾಗಿ ಇರೋ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾವನ್ನ ಕಚ್ಚಾ ತೈಲದ ಹಲವು ಅಂಶ ಅರಗಿಸೋ ಹಾಗೆ ಬದಲಾಯಿಸಿದ್ರು. ಜೀವಿಗೆ ಪೇಟೆಂಟ್ ಕೊಡಬಹುದಾ? 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೌದು ಅಂತು. ತಮಾಷೆ ಅಂದ್ರೆ, ಆ ಬ್ಯಾಕ್ಟೀರಿಯಾ ಲ್ಯಾಬ್ ಬಿಟ್ಟು ಕ್ಲೀನಿಂಗ್ ಕೆಲಸಕ್ಕೆ ಇಳಿಯಲೇ ಇಲ್ಲ.

1989ರ ಮಾರ್ಚ್‌ನಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ತೈಲ ಚೆಲ್ಲಿತು. ಆಗ ದಡಕ್ಕೆ ಹಾಕಿದ್ದೇನು ಗೊತ್ತಾ? ಗೊಬ್ಬರ! ಎಣ್ಣೆ ತಿನ್ನೋ ಜೀವಿಗಳು ಅಲ್ಲೇ ಇದ್ವು. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ. ಆದ್ರೆ ಅವು ಬೆಳೆಯೋಕೆ ಸಾರಜನಕ, ರಂಜಕವೂ ಬೇಕು. ಎಲೆ ತುಂಬ ಅನ್ನ ಬಡಿಸಿ ಸಾರೇ ಹಾಕದಿದ್ರೆ ಎಷ್ಟು ತಿಂತೀರಾ? ಗೊಬ್ಬರ ಬಿದ್ದ ಕೆಲವು ದಡಗಳಲ್ಲಿ ಎಣ್ಣೆ ಬೇಗ ಕರಗಿತು.

ಆದ್ರೆ ಕಲ್ಲುಗಳ ಅಡಿಗೆ ಇಳಿದ ಎಣ್ಣೆ ದಶಕಗಳ ನಂತರವೂ ಸಿಕ್ಕಿದೆ. ಅಲ್ಲಿ ಆಮ್ಲಜನಕ ಸಾಲಲ್ಲ. ಎಣ್ಣೆ ಬಿದ್ದ ನೆಲವನ್ನ ನೀರು ಚಿಮುಕಿಸಿ ಮತ್ತೆ ಮತ್ತೆ ಉಳೋದು ಇದಕ್ಕೇ.

ನಮ್ಮಲ್ಲೂ ದೆಹಲಿಯ ಟೆರಿ ಸಂಸ್ಥೆ 'ಆಯಿಲ್‌ಜ್ಯಾಪರ್' ಅನ್ನೋ ಬ್ಯಾಕ್ಟೀರಿಯಾ ಮಿಶ್ರಣ ಮಾಡಿದೆ, ರಿಫೈನರಿ ಕೆಸರಿಗೂ ಬಳಸಿದ್ದಾರೆ. ಒಳ್ಳೇದೇ. ಆದ್ರೆ ಆ ಕೆಸರಲ್ಲಿರೋ ಭಾರಲೋಹಗಳನ್ನ ಯಾವ ಬ್ಯಾಕ್ಟೀರಿಯಾನೂ ತಿಂದು ಮುಗಿಸಲ್ಲ. ಯಾರಾದ್ರೂ "ಬ್ಯಾಕ್ಟೀರಿಯಾ ಬಿಟ್ಟಿದ್ದೀವಿ, ಕ್ಲೀನ್ ಆಗತ್ತೆ" ಅಂದ್ರೆ ಎರಡು ಪ್ರಶ್ನೆ ಕೇಳಿ: ಎಣ್ಣೆ ಎಷ್ಟು ಆಳಕ್ಕೆ ಇಳಿದಿದೆ? ಮಣ್ಣಿನ ಪರೀಕ್ಷೆ ಮಾಡಿದವರು ಯಾರು?