ಮುಯ್ಯಾಳಿನ ಲೆಕ್ಕ

ಕನ್ನಡದಲ್ಲಿ 'ಮುಯ್ಯಿ' ಎಂಬುದೊಂದು ವಿಚಿತ್ರವಾದ ಶಬ್ದ. ಮದುವೆಯ ಮನೆಯಲ್ಲಿ ಒಪ್ಪಿಸುವ ಉಡುಗೊರೆಯೂ ಮುಯ್ಯಿ, ಹಗೆ ತೀರಿಸಿಕೊಳ್ಳುವುದೂ ಮುಯ್ಯಿ. ತರಗತಿಯಲ್ಲಿ ಈ ಶಬ್ದಕ್ಕೆ ಅರ್ಥ ಹೇಳುವಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ನಮ್ಮ ಕಡೆಯ ಮುಯ್ಯಾಳು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಗಳು ಬಯಲುಸೀಮೆಯವುಗಳಂತೆ ಒತ್ತಾಗಿ ಕಟ್ಟಿಕೊಂಡವಲ್ಲ. ಗುಡ್ಡದ ಮಗ್ಗುಲಿಗೊಂದು ಮನೆ, ಕೆಳಗೆ ತೋಟ, ಗದ್ದೆ. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ. ನೆರೆಯೆಂದರೆ ನಾಲ್ಕೈದು ಮನೆ, ಅಷ್ಟೇ. ಆಷಾಢದ ಮಳೆಯಲ್ಲಿ ನಾಟಿ ಬಂತೆಂದರೆ ಇಂದು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಕೂಲಿಯಿಲ್ಲ, ಬರಹವಿಲ್ಲ, ಎಷ್ಟು ಆಳು ಬಂದರೋ ಅಷ್ಟು ಆಳು ಹೋಗಬೇಕು.

ನಾನು ಹುಡುಗನಾಗಿದ್ದಾಗ ಒಂದು ಮನೆಯವರು ನಮ್ಮಿಂದ ಮೂರಾಳಿನ ಕೆಲಸ ಪಡೆದು, ನಮ್ಮ ನಾಟಿಯ ದಿನ ಬಾರದೆ ಉಳಿದರು. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಮರುವರ್ಷ ಅವರ ಗದ್ದೆಗೆ ನಾವು ಹೋಗಲಿಲ್ಲ. ಸಂಗತಿ ತಿಳಿದಿದ್ದ ಉಳಿದ ಮೂರು ಮನೆಯವರೂ ಹೋಗಲಿಲ್ಲ. ಸಸಿ ಮಡಿಯಲ್ಲೇ ಬಲಿತುಹೋಯಿತು. ಅದರ ಮುಂದಿನ ಮಳೆಗಾಲ, ಯಾರೂ ಕರೆಯದೆ, ಬೆಳಕು ಹರಿಯುವ ಮೊದಲೇ ಆ ಮನೆಯ ಯಜಮಾನರು ಕಂಬಳಿಕೊಪ್ಪೆ ಹಾಕಿಕೊಂಡು ನಮ್ಮ ಗದ್ದೆಯ ಅಂಚಿನಲ್ಲಿ ನಿಂತಿದ್ದರು. ಅಮ್ಮ ಕಾಫಿ ಕಳಿಸಿದರು. ಮುಯ್ಯಿಯ ಎರಡರ್ಥಗಳೂ ಆ ಮೂರು ಮಳೆಗಾಲದಲ್ಲಿ ತೀರಿದವು.

ಇದನ್ನು ಮಲೆನಾಡಿನವರ ಸಜ್ಜನಿಕೆಯೆಂದು ನಾವು ಹೊಗಳಿಕೊಳ್ಳುವುದುಂಟು. ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. 1992ರಲ್ಲಿ ನೋವಾಕ್ ಮತ್ತು ಮೇ ಎಂಬ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಚದುರಂಗದ ಮಣೆಯಂಥದೊಂದನ್ನು ಹಾಸಿ, ಒಂದೊಂದು ಮನೆಯಲ್ಲಿ ನೆರವಾಗುವವನನ್ನೋ ವಂಚಿಸುವವನನ್ನೋ ಕೂರಿಸಿದರು. ಎಲ್ಲರೂ ಎಲ್ಲರೊಡನೆ ಬೆರೆತರೆ ವಂಚಕರೇ ಗೆಲ್ಲುವ ಆಟವದು. ಪಕ್ಕದ ಮನೆಯೊಡನೆ ಮಾತ್ರ ವ್ಯವಹಾರವೆಂದಾಗ ನೆರವಾಗುವವರು ಗುಂಪುಗುಂಪಾಗಿ ಉಳಿದುಕೊಂಡರು. ಆ ಆಟಗಾರರಿಗೆ ನೆನಪೂ ಇರಲಿಲ್ಲ, ಸಜ್ಜನಿಕೆಯಂತೂ ಇಲ್ಲವೇ ಇಲ್ಲ. 2006ರಲ್ಲಿ ನೋವಾಕ್ ಮತ್ತು ಸಂಗಡಿಗರು ಇಂಥ ಕೆಲವು ಆಟಗಳಿಗೆ ಒಂದು ಸರಳ ಸೂತ್ರ ಕಂಡರು: ಪಡೆದವನ ಲಾಭವು ಕೊಟ್ಟವನ ವೆಚ್ಚದ ಎಷ್ಟು ಪಟ್ಟೋ, ಆ ಸಂಖ್ಯೆ ನೆರೆಯವರ ಸಂಖ್ಯೆಗಿಂತ ಹೆಚ್ಚಿದ್ದರೆ ಸಹಕಾರ ಬೆಳೆಯುತ್ತದೆ. ನೆರೆ ನಾಲ್ಕಾದರೆ ಸುಲಭ, ನಲವತ್ತಾದರೆ ಕಷ್ಟ. ತಾವಾಗಿಯೇ ನಿರ್ಧರಿಸುವ ಕಂಪ್ಯೂಟರ್ ಕಾರ್ಯಕ್ರಮಗಳನ್ನು ಒಟ್ಟಿಗೆ ದುಡಿಸಲು ಹೊರಟವರೂ ಈಗ ಯಾರಿಗೆ ಯಾರು ನೆರೆಯಾಗಬೇಕೆಂದು ಕೇಳುತ್ತಿದ್ದಾರೆ.

ನಮ್ಮಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಮುಗಿದು, ನರಸಿಂಹರಾಜಪುರದ ಕಡೆಯ ಊರುಗಳು ಹಿನ್ನೀರಿಗೆ ಸಂದವು. ಜನ ಬೇರೆಬೇರೆ ಕಡೆ ಹೋಗಿ ನೆಲೆಸಿದರು. ಮುಳುಗಿದ ನೆಲಕ್ಕೊಂದು ಲೆಕ್ಕವಿತ್ತು. ಯಾರ ಮನೆಗೆ ಯಾರಿಂದ ಎಷ್ಟಾಳು ಬಾಕಿ ಎಂಬುದಕ್ಕೆ ಯಾವ ಕಡತವಿರಬೇಕು? ಅದೇ ಜನ, ಅದೇ ಗುಣ. ನೆರೆ ಮಾತ್ರ ಬೇರೆ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಮುಯ್ಯಾಳಿಗೆ ಸ್ವಂತದ್ದೋ ಗೇಣಿಯದೋ ಒಂದು ಗದ್ದೆ ಬೇಕು. ಗದ್ದೆಯಿಲ್ಲದವನಿಗೆ ಯಾವ ಆಳನ್ನು ಹಿಂದಿರುಗಿಸುವುದು? ಅಂಥವನು ನಮ್ಮ ನಾಟಿಗೆ ಬರುತ್ತಿದ್ದುದು ಕೂಲಿಗೆ. ಅವನ ಗುಡಿಸಲಿನ ಮಾಡು ಸೋರಿದಾಗ ನಮ್ಮ ಐದು ಮನೆಗಳಿಂದ ಯಾರಾದರೂ ಹೋಗಿ ಹುಲ್ಲು ಹೊದಿಸಿದ್ದು ನನಗೆ ನೆನಪಿಲ್ಲ.